ಹದಿನಾರು ಪುಟಗಳ ಸೇಡು

ನೀವು ಎದೆ ಡವಡವ ಅನ್ನಿಸಿಕೊಂಡು ಓದಿದ ಪುಸ್ತಕ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ, ಆಮೇಲೆ ಯಾವುದೋ ದಪ್ಪ ಕಾದಂಬರಿಯ ಹೆಸರು ಹೇಳುತ್ತಾರೆ. ನನಗೆ ಯೋಚನೆಯೇ ಬೇಕಿಲ್ಲ. ನನ್ನದು ಬರೀ ಹದಿನಾರು ಪುಟ. ಅದನ್ನು ಸುಮಾರು ಒಂದು ತಿಂಗಳು ನ್ಯೂಸ್‌ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟುಕೊಂಡಿದ್ದೆ. ಒಂದಕ್ಷರವನ್ನೂ ಓದಲಿಲ್ಲ. ಒಬ್ಬ ಮೇಷ್ಟ್ರ ಮಾನ ಅದರೊಳಗೆ ಮಡಚಿಕೊಂಡು ಕೂತಿತ್ತು. ಅದನ್ನು ಹೇಗೆ ಬಿಚ್ಚಿ ಬಿಸಿಲಿಗೆ ಹಾಕಿದೆ ಎನ್ನುವುದನ್ನು ಈಗ ಹೇಳುತ್ತೇನೆ. ನನಗೆ ಪಶ್ಚಾತ್ತಾಪ ಆಗಿರಬಹುದು ಎಂದು ಕೊನೆಯವರೆಗೆ ಕಾಯಬೇಡಿ. ಆಗಿಲ್ಲ.

ನಾನು ಭದ್ರಾವತಿಯವನು. ಕೆಲಸ ಮಾಡಿದ್ದು ಕಾಗದದ ಕಾರ್ಖಾನೆಯಲ್ಲಿ, ಈಗ ಇರುವುದು ನ್ಯೂ ಟೌನಿನಲ್ಲಿ. ಮೂವತ್ತು ವರ್ಷ ಕಾಗದ ಮುಟ್ಟಿದ ಕೈ ಇದು. ಕಣ್ಣು ಮುಚ್ಚಿಕೊಂಡು ಹಾಳೆಯ ಎಳೆ ಯಾವ ಕಡೆಗಿದೆ, ಅದು ಹೊಸದೋ ಹಳತೋ, ತೇವ ಕುಡಿದಿದೆಯೋ ಇಲ್ಲವೋ ಹೇಳಬಲ್ಲೆ. ಜಂಬ ಅಂದುಕೊಳ್ಳಿ, ಬೇಜಾರಿಲ್ಲ. ರಿಟೈರ್ ಆದಮೇಲೆ ಈ ಕೈಗೆ ಕೆಲಸ ಕೊಟ್ಟವರು ಶಿವಮೊಗ್ಗದ ಒಬ್ಬ ಅಮ್ಮ. ಗಾಂಧಿ ಬಜಾರಿನ ಹಿಂದಿನ ಒಂದು ಗಲ್ಲಿಯಲ್ಲಿ ಅವರದು ಪುಸ್ತಕ ಬಾಡಿಗೆಗೆ ಕೊಡುವ ಸಣ್ಣ ಲೈಬ್ರರಿ. ಹರಿದ ಪುಸ್ತಕ ಹೊಲಿಯುವುದು, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂಟಿಸುವುದು ನನ್ನ ಪಾಲಿನ ಸೇವೆ.

ಆ ಲೈಬ್ರರಿಯಲ್ಲಿ ನಾವು ಒಂಬತ್ತು ಜನರ ಗುಂಪು. ಎಲ್ಲರೂ ಅರವತ್ತು ದಾಟಿದವರು, ಎಲ್ಲರಿಗೂ ಪತ್ತೇದಾರಿ ಕಾದಂಬರಿಯ ಹುಚ್ಚು. ತಿಂಗಳಿಗೊಂದು ಹೊಸ ಪತ್ತೇದಾರಿ ಪುಸ್ತಕ ಬರುತ್ತದೆ. ಅದನ್ನು ನಾನು ಬಿಚ್ಚಿ, ಗಟ್ಟಿಯಾಗಿ ಹೊಲಿದು, ಕೊನೆಯ ಹದಿನಾರು ಪುಟಗಳ ಸುತ್ತ ಕಂದು ಕಾಗದದ ಪಟ್ಟಿ ಹಾಕಿ ಅಂಟಿಸಿಬಿಡುತ್ತೇನೆ. ಮೈದಾ ಅಂಟು, ಹುಳ ಹಿಡಿಯದಿರಲಿ ಎಂದು ಒಂದು ಚಿಟಿಕೆ ಮೈಲುತುತ್ತ. ಪುಸ್ತಕ ಒಬ್ಬೊಬ್ಬರ ಮನೆಯಲ್ಲಿ ಮೂರು ಮೂರು ದಿನ ಇರುತ್ತದೆ. ಪಟ್ಟಿಯ ತನಕ ಓದಬೇಕು, ಪಟ್ಟಿ ಮುಟ್ಟಬಾರದು. ಎಲ್ಲರ ಸರದಿ ಮುಗಿದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಲೈಬ್ರರಿಯ ಹಿಂದಿನ ಜಗಲಿಯಲ್ಲಿ ಸೇರಿ, ಕೊಲೆಗಾರ ಯಾರು ಎಂದು ಚೀಟಿಯಲ್ಲಿ ಬರೆದು, ಯಾಕೆ ಎಂದು ವಿವರಿಸಬೇಕು. ಆಮೇಲೆ ಅಮ್ಮ ಪಟ್ಟಿ ಹರಿದು ಆ ಹದಿನಾರು ಪುಟ ಗಟ್ಟಿಯಾಗಿ ಓದುತ್ತಾರೆ. ಸರಿಯಾಗಿ ಹೇಳಿದವರಿಗೆ ಮುಂದಿನ ಪುಸ್ತಕದ ಮೊದಲ ಓದು. ಹೊಸ ಪುಸ್ತಕದ ವಾಸನೆ, ಯಾರೂ ಮಡಚದ ಮೂಲೆ, ಯಾರ ಕಾಫಿ ಕಲೆಯೂ ಇಲ್ಲದ ಪುಟ. ಈ ವಯಸ್ಸಿನಲ್ಲಿ ನಮಗೆ ಅದಕ್ಕಿಂತ ದೊಡ್ಡ ಪದವಿ ಇಲ್ಲ.

ಈ ಪದವಿಯನ್ನು ಏಳು ತಿಂಗಳಿಂದ ಒಬ್ಬನೇ ಮನುಷ್ಯ ಹಿಡಿದು ಕೂತಿದ್ದ. ದುರ್ಗಿಗುಡಿಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು.

"ಇದೆಲ್ಲಾ ಲೆಕ್ಕ ಕಣ್ರೀ," ಎನ್ನುತ್ತಿದ್ದರು ಪ್ರತಿ ಸಲ ಗೆದ್ದಾಗಲೂ, ಶಲ್ಯ ಕೊಡವಿಕೊಂಡು. "ಐವತ್ತನೇ ಪುಟಕ್ಕೇ ನಂಗೆ ಉತ್ತರ ಸಿಕ್ಕಿರುತ್ತೆ. ಮಿಕ್ಕಿದ್ದು ಸುಮ್ನೆ ತಾಳೆ ನೋಡೋಕೆ ಓದ್ತೀನಿ. ನಿಮ್ಮ ಭದ್ರಾವತಿ ಕಡೆ ಈ ಬುದ್ಧಿ ಸ್ವಲ್ಪ ಕಮ್ಮಿ, ಅಲ್ವೇನ್ರೀ?"

ಇಷ್ಟಕ್ಕೇ ನಾನು ಸೇಡು ಕಟ್ಟಿಕೊಂಡವನಲ್ಲ. ಕಾರಣ ಬೇರೆ ಇದೆ.

ಒಂದು ಕಾದಂಬರಿ ಇತ್ತು, ನಮ್ಮ ಗುಂಪಿನ ಸರದಿಯದಲ್ಲ, ನಾನೇ ಬೇರೆಯಾಗಿ ತಂದದ್ದು. ಸತ್ತವನ ಕೈಬರಹದಲ್ಲಿ ಊರಿನವರಿಗೆಲ್ಲ ಕಾಗದಗಳು ಬರುತ್ತವೆ. ಯಾರು ಬರೆಯುತ್ತಿದ್ದಾರೆ? ನಾನೂ ನನ್ನ ಹೆಂಡತಿಯೂ ಒಂದೇ ಪ್ರತಿಯನ್ನು ಓದುತ್ತಿದ್ದೆವು. ಬೆಳಿಗ್ಗೆ ನಾನು, ಮಧ್ಯಾಹ್ನ ಅವಳು. ನನ್ನ ಗುರುತು ಬಸ್ ಟಿಕೆಟ್, ಅವಳ ಗುರುತು ಹೇರ್‌ಪಿನ್. ಇಬ್ಬರೂ ಕತೆಯ ಬಗ್ಗೆ ತುಟಿ ಬಿಚ್ಚಬಾರದೆಂದು ಒಪ್ಪಂದ. ಊಟಕ್ಕೆ ಕೂತಾಗ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಮದುವೆಯಾಗಿ ನಲವತ್ತು ವರ್ಷವಾದ ಮೇಲೆ ಹಾಗೆ ನಗಲು ಕಾರಣ ಸಿಗುವುದು ಕಷ್ಟ.

ನನಗೆ ಇನ್ನು ಹನ್ನೆರಡು ಪುಟ ಬಾಕಿ. ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಪುಸ್ತಕ ತೊಡೆಯ ಮೇಲಿತ್ತು. ಮಲವಗೊಪ್ಪ ದಾಟಿತ್ತು. ಪಕ್ಕದ ಸೀಟಿನಲ್ಲಿ ಯಾರೋ ಬಂದು ಕೂತರು. ನೋಡಿದರೆ ಮೇಷ್ಟ್ರು, ಭದ್ರಾವತಿಯಲ್ಲಿ ಯಾವುದೋ ಗೃಹಪ್ರವೇಶಕ್ಕೆ ಹೊರಟವರು. ಬಗ್ಗಿ ಪುಸ್ತಕದ ಮುಖ ನೋಡಿದರು.

"ಓ, ಇದಾ? ಆ ಪೋಸ್ಟ್ ಮಾಸ್ತರನ ಹೆಂಡ್ತಿನೇ ಕಣ್ರೀ. ಅವ್ಳೇ ಬರೀತಿರೋದು."

"ಮೇಷ್ಟ್ರೇ!"

"ಏನ್ ಮೇಷ್ಟ್ರೇ? ಟೈಮ್ ಉಳೀತಲ್ಲ ಮಾರಾಯ್ರೇ ನಿಮ್ಗೆ. ಉಪಕಾರ ಮಾಡಿದೀನಿ," ಎಂದು ನಕ್ಕರು. ನಕ್ಕಿದ್ದಷ್ಟೇ ಅಲ್ಲ, ಕಿಟಕಿಯ ಕಡೆ ಜಾಗ ಬಿಡಿ ಎಂದರು.

ಮನೆಗೆ ಹೋದೆ. ಬಾಯಿ ಹೊಲಿದುಕೊಂಡೆ. ಹೆಂಡತಿ ಇನ್ನೂ ಅರವತ್ತು ಪುಟ ಹಿಂದಿದ್ದಳು. ಆದರೆ ನನ್ನ ಮುಖ ನನ್ನ ಮಾತು ಕೇಳುವುದಿಲ್ಲ. ಮಾರನೇ ದಿನ ಅವಳು ಪೋಸ್ಟ್ ಮಾಸ್ತರನ ಮನೆಯ ಅಧ್ಯಾಯದಲ್ಲಿದ್ದಾಗ ನಾನು ಕಾಫಿ ಕೊಡಲು ಹೋದೆ. ಅವಳು ನನ್ನನ್ನೊಮ್ಮೆ ನೋಡಿದಳು, ಪುಟವನ್ನೊಮ್ಮೆ ನೋಡಿದಳು.

"ಇವ್ಳೇನಾ?" ಎಂದಳು.

ನಾನು ಕಾಫಿ ಲೋಟದ ಕಡೆ ನೋಡಿದೆ. ಅಷ್ಟೇ ಸಾಕಾಯಿತು. ಹೇರ್‌ಪಿನ್ ತೆಗೆದು ತಲೆಗೆ ಸಿಕ್ಕಿಸಿಕೊಂಡು ಪುಸ್ತಕ ಮುಚ್ಚಿಟ್ಟಳು. "ಯಾರು ಹೇಳಿದ್ದು ನಿಮ್ಗೆ?" ಹೇಳಿದೆ. ಅವಳು ಎಂದಳು, "ರೀ, ಆ ಮನುಷ್ಯನ್ನ ಸುಮ್ನೆ ಬಿಡ್ಬೇಡಿ."

ಮದುವೆಯಾದ ಮೇಲೆ ಅವಳು ನನ್ನ ಕಿಡಿಗೇಡಿತನಕ್ಕೆ ಒಪ್ಪಿಗೆ ಕೊಟ್ಟದ್ದು ಅದೇ ಮೊದಲು. ನನಗೆ ಸರ್ಕಾರಿ ಆದೇಶ ಸಿಕ್ಕಿದಂತಾಯಿತು.

ಏಳು ಸಲವೂ ತಪ್ಪದ ಅವರ ಲೆಕ್ಕದ ಮೇಲೆ ನನಗೆ ಅನುಮಾನವಿತ್ತು, ಹೊಂಚು ಹಾಕಿದೆ. ಮುಂದಿನ ತಿಂಗಳು ಪುಸ್ತಕಕ್ಕೆ ಪಟ್ಟಿ ಹಾಕುವಾಗ ಕೊನೆಯ ಪುಟಗಳ ಅಂಚನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿಕೊಂಡೆ. ಹಲಗೆಯಂತೆ ನೇರ. ಎಂದಿನಂತೆ ಮೊದಲ ಓದು ಮೇಷ್ಟ್ರದು. ಅವರು ಪುಸ್ತಕ ವಾಪಸ್ ಕೊಟ್ಟ ದಿನವೇ, ಹೊಲಿಗೆ ಸಡಿಲವಾಗಿದೆಯೇನೋ ನೋಡುತ್ತೇನೆ ಎಂದು ಅಮ್ಮನ ಕೈಯಿಂದ ತೆಗೆದುಕೊಂಡೆ. ಪಟ್ಟಿ ಇದ್ದಲ್ಲೇ ಇತ್ತು. ಆದರೆ ಹೆಬ್ಬೆರಳಿಗೆ ಅಂಚು ಅಲೆ ಅಲೆಯಾಗಿ ಸಿಕ್ಕಿತು. ಕಾಗದ ಒಂದು ಸಲ ಹಬೆ ಕುಡಿದರೆ ಒಣಗಿದ ಮೇಲೂ ಅದನ್ನು ಮರೆಯುವುದಿಲ್ಲ. ಮೂಗಿಗೆ ಹಿಡಿದೆ. ಹುಳಿ ಬಂದ ಇಡ್ಲಿ ಹಿಟ್ಟಿನ ವಾಸನೆ!

ಅಂದರೆ ನಮ್ಮ ಲೆಕ್ಕದ ಮೇಷ್ಟ್ರು ಮನೆಯಲ್ಲಿ ಇಡ್ಲಿ ಬೇಯುವಾಗ ಪಾತ್ರೆಯ ಹಬೆಗೆ ಪುಸ್ತಕ ಹಿಡಿಯುತ್ತಾರೆ. ಮೈದಾ ಅಂಟು ಮೆತ್ತಗಾಗುತ್ತದೆ. ಪಟ್ಟಿ ಜಾರಿಸಿ, ಕೊನೆ ಓದಿ, ಮತ್ತೆ ಅಂಟಿಸುತ್ತಾರೆ. ಏಳು ತಿಂಗಳಿಂದ ಇದೇ ಲೆಕ್ಕ.

ಅಲ್ಲೇ ಕೂಗಿ ಹೇಳಬಹುದಿತ್ತು. ಹೇಳಿದ್ದರೆ, ಮಳೆಗಾಲ ಕಣ್ರೀ, ತೇವಕ್ಕೆ ಹಾಗಾಗುತ್ತೆ ಎಂದು ಶಲ್ಯ ಕೊಡವುತ್ತಿದ್ದರು. ನನಗೆ ಅಷ್ಟು ಅಗ್ಗದ ಜಯ ಬೇಡವಾಗಿತ್ತು. ಆ ಭಾನುವಾರ ಅವರನ್ನು ಎಂಟನೇ ಸಲವೂ ಗೆಲ್ಲಲು ಬಿಟ್ಟೆ. ಚಪ್ಪಾಳೆ ಎಲ್ಲರಿಗಿಂತ ಜೋರಾಗಿ ನಾನೇ ತಟ್ಟಿದೆ.

ಮುಂದಿನ ಪುಸ್ತಕ ಹೊಲಿಗೆಗೆ ಮನೆಗೆ ಬಂತು. ಹೊಲಿಯುವವನು ಸರದಿಗೆ ಮುಂಚೆ ಓದಬಾರದೆಂದು ನಾನೇ ಹಾಕಿಕೊಂಡ ನಿಯಮವಿತ್ತು. ಆ ತಿಂಗಳು ಅದನ್ನು ಮುರಿದೆ. ಆದರೆ ಕೊನೆಯ ಹದಿನಾರು ಪುಟವನ್ನು ಮೊದಲೇ ಬಿಚ್ಚಿ, ನೋಡದೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಮಿಕ್ಕಿದ್ದನ್ನು ನಾನೂ ಹೆಂಡತಿಯೂ ನಾಲ್ಕು ದಿನದಲ್ಲಿ ಓದಿ ಮುಗಿಸಿದೆವು. ಒಂದು ಲಾಡ್ಜಿನ ಮೂರನೇ ಮಹಡಿಯಲ್ಲಿ ವ್ಯಾಪಾರಿಯೊಬ್ಬ ಸತ್ತು ಬಿದ್ದಿದ್ದಾನೆ. ಅವನ ಎಡಗಾಲಿನ ಚಪ್ಪಲಿ ಕಾಣೆ. ಲಾಡ್ಜಿನ ಮ್ಯಾನೇಜರ್, ಸತ್ತವನ ತಮ್ಮ, ಒಬ್ಬಳು ಟೈಪಿಸ್ಟ್, ಎಲ್ಲರ ಮೇಲೂ ಅನುಮಾನ. ಒಬ್ಬ ಡಾಕ್ಟರ್ ಮಾತ್ರ ಪಾಪ, ಕಾಲು ಮುರಿದು ಪ್ಲಾಸ್ಟರ್ ಹಾಕಿಕೊಂಡು ಕೆಳಗಿನ ಕೋಣೆಯಲ್ಲೇ ಮಲಗಿರುತ್ತಾನೆ.

"ಈ ಡಾಕ್ಟರ್ ಅಂತೂ ಅಲ್ವೇ ಅಲ್ಲ," ಎಂದೆ.

"ಹಂಗಾದ್ರೆ ಅವನನ್ನೇ ಮಾಡೋಣ," ಎಂದಳು ಹೆಂಡತಿ. "ಪ್ಲಾಸ್ಟರ್ ಸುಳ್ಳು ಅಂತ ಬರೀರಿ."

"ಬರೀ ಹೆಸ್ರು ತಪ್ಪಾದ್ರೆ ಸಾಲಲ್ಲ ಮಾರಾಯ್ತಿ. ಲೆಕ್ಕ ತಪ್ತು ಅಂತ ಹೇಳಿ ಜಾರ್ಕೊತಾರೆ. ಕದ್ದು ಓದಿದ್ದು ಗೊತ್ತಾಗ್ಬೇಕು."

ಅವಳು ಪೇಪರ್ ಪೆನ್ನು ಎಳೆದುಕೊಂಡಳು. "ಚಪ್ಪಲಿ ಎಲ್ಲಿದೆ?"

"ಪುಸ್ತಕದಲ್ಲಿ ಹೇಳಿಲ್ಲ."

"ಉಪ್ಪಿನಕಾಯಿ ಭರಣಿಲಿ ಹಾಕಿ. ಲಾಡ್ಜಿನ ಅಡಿಗೆ ಮನೆ, ಮೂರನೇ ಭರಣಿ, ಅಪ್ಪೆಮಿಡಿ. ಪುಸ್ತಕದಲ್ಲಿ ಎಲ್ಲೂ ಉಪ್ಪಿನಕಾಯಿ ಇಲ್ಲ, ನಾನು ನೋಡಿದೀನಿ. ಯಾವ ಲೆಕ್ಕದ ಮೇಷ್ಟ್ರಿಗೂ ಇದು ಲೆಕ್ಕದಲ್ಲಿ ಸಿಗಲ್ಲ. ಆದ್ರೆ ಒಂದ್ಸಲ ಓದಿದೋರು ಮರೆಯಲ್ಲ."

ನಲವತ್ತು ವರ್ಷ ಈ ಹೆಂಗಸು ನನ್ನ ಜೊತೆ ಬರೀ ತಿಂಡಿ ಅಡಿಗೆ ಮಾಡಿಕೊಂಡಿದ್ದಳೆಂದು ನೆನೆದು ನನಗೆ ಭಯವಾಯಿತು.

ಮೂರು ಮಧ್ಯಾಹ್ನ ಕೂತು ಹದಿನಾರು ಪುಟ ಬರೆದೆವು. ಭದ್ರಾವತಿಯ ಹಳೇನಗರದಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ನನ್ನ ಗೆಳೆಯನೊಬ್ಬ ಅದೇ ಅಳತೆಯ ಅಕ್ಷರದಲ್ಲಿ ಕಂಪ್ಯೂಟರಿನಲ್ಲಿ ಕೂರಿಸಿದ. ಕಾಗದ ನನ್ನದು. ಸ್ವಲ್ಪ ಹಳದಿ ತಿರುಗಿದ, ಬೆರಳಿಗೆ ಅಷ್ಟೇ ಒರಟಾದ ಹಾಳೆ ನನ್ನ ಹತ್ತಿರ ರಿಮ್ಮುಗಟ್ಟಲೆ ಇದೆ. ಗೆಳೆಯ ಓದುತ್ತಾ ಓದುತ್ತಾ, "ಅಯ್ಯೋ ಸಾಮಿ, ಚಪ್ಪಲಿ ಹಾಕಿದ ಉಪ್ಪಿನಕಾಯಿ ಮತ್ತೆ ತಿಂದ್ರಾ?" ಎಂದು ಕೇಳಿದ. ಕತೆ ಬರೆದವರಿಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಏನಿದೆ?

ಸುಳ್ಳು ಕೊನೆಯನ್ನು ಹೊಲಿದು, ಪಟ್ಟಿ ಹಾಕಿ, ಪುಸ್ತಕವನ್ನು ಅಮ್ಮನಿಗೆ ಕೊಟ್ಟೆ. ಮೊದಲ ಓದು ಮೇಷ್ಟ್ರದು. ಕೊನೆಯ ಸರದಿ ಯಾವಾಗಲೂ ನನ್ನದು, ಭದ್ರಾವತಿ ದೂರ ಎಂಬ ಕಾರಣಕ್ಕೆ. ನನ್ನ ಕೈಗೆ ಬಂದಾಗ ಅಂಚು ಅಲೆಯಾಗಿತ್ತು, ಹಿಟ್ಟಿನ ವಾಸನೆಯೂ ಇತ್ತು. ಮೀನು ಗಾಳ ನುಂಗಿತ್ತು. ಸುಳ್ಳು ಪುಟ ಬಿಚ್ಚಿ ಎಸೆದು, ಬೀರುವಿನಿಂದ ನಿಜವಾದ ಹದಿನಾರು ಪುಟ ತೆಗೆದು, ಮುಖ ಆಚೆ ತಿರುಗಿಸಿಕೊಂಡು ಹೊಲಿದು ಹೊಸ ಪಟ್ಟಿ ಅಂಟಿಸಿದೆ. ಹೆಂಡತಿ ಪಕ್ಕದಲ್ಲೇ ನಿಂತು ನನ್ನ ಕಣ್ಣು ಕಾಯುತ್ತಿದ್ದಳು. ಓದುವ ಆಸೆ ಎಷ್ಟಿತ್ತೆಂದರೆ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಭಾನುವಾರ ಬಂತು. ಜಗಲಿಯಲ್ಲಿ ಒಂಬತ್ತು ಕುರ್ಚಿ, ಒಂದು ಫ್ಲಾಸ್ಕು ಕಾಫಿ. ಚೀಟಿ ಬರೆಯುವಾಗ ನಾನು ಟೈಪಿಸ್ಟ್ ಎಂದು ಬರೆದೆ. ಡಾಕ್ಟರ್ ಎಂದು ನಾನೂ ಬರೆದರೆ ಮೇಷ್ಟ್ರದೂ ನನ್ನದೂ ಒಂದೇ ತಪ್ಪಾಗಿ ಯಾರಿಗಾದರೂ ಅನುಮಾನ ಬಂದೀತು ಎಂಬ ಜಾಣತನ. ಎಲ್ಲರೂ ತಮ್ಮ ತಮ್ಮ ಕೊಲೆಗಾರನನ್ನು ವಿವರಿಸಿದರು. ಮೆಗ್ಗಾನ್ ಆಸ್ಪತ್ರೆಯ ರಸ್ತೆಯಲ್ಲಿ ಮನೆ ಇರುವ, ನರ್ಸ್ ಆಗಿ ರಿಟೈರ್ ಆದ ನಮ್ಮ ಸಿಸ್ಟರ್, "ನಂದು ಡಾಕ್ಟರ್. ಮುರಿದ ಕಾಲು ಅಂದ್ರೆ ಊತ ಇರ್ಬೇಕು, ಬೆರಳು ಇಷ್ಟು ಚಂದ ಇರಲ್ಲ," ಎಂದರು. ಜನ ನಕ್ಕರು. ನಾನೂ ನಕ್ಕೆ.

ಕೊನೆಗೆ ಮೇಷ್ಟ್ರು ಎದ್ದು ನಿಂತರು.

"ಸಿಸ್ಟರ್ ಹೆಸ್ರೇನೋ ಸರಿ ಹೇಳಿದ್ರು, ಕಾರಣ ಅರ್ಧ. ಡಾಕ್ಟರೇ. ಪ್ಲಾಸ್ಟರ್ ಸುಳ್ಳು. ಆದ್ರೆ ಮುಖ್ಯ ಪ್ರಶ್ನೆ ಏನ್ರೀ? ಎಡಗಾಲಿನ ಚಪ್ಪಲಿ ಎಲ್ಲಿ? ಲೆಕ್ಕ ಹಾಕಿದೆ. ಅಡಿಗೆ ಮನೆಲಿದೆ. ಉಪ್ಪಿನಕಾಯಿ ಭರಣಿಲಿ."

ನಗು ಕಾಣದಿರಲೆಂದು ನಾನು ಮುಖವನ್ನು ಕಾಫಿ ಲೋಟದಲ್ಲಿ ಹುದುಗಿಸಿಕೊಂಡೆ.

ಅಮ್ಮ ಪಟ್ಟಿ ಹರಿದು ಓದತೊಡಗಿದರು. ಆಗ ನನಗೆ ಹೊಳೆಯಿತು, ನಾನು ಎಂಥಾ ಪೆದ್ದ! ನಿಜವಾದ ಕೊನೆ ಏನೆಂದು ನನಗೂ ಗೊತ್ತಿಲ್ಲ. ಲೇಖಕನೂ ಡಾಕ್ಟರನನ್ನೇ ಹಿಡಿದಿದ್ದರೆ? ಮೇಷ್ಟ್ರು ಒಂಬತ್ತನೇ ಸಲ ಗೆಲ್ಲುತ್ತಾರೆ, ಅದೂ ನನ್ನ ಬುದ್ಧಿಯಿಂದ! ಪುಟ ಒಂದಾಯಿತು, ಎರಡಾಯಿತು. ಮ್ಯಾನೇಜರ್ ತಪ್ಪಿಸಿಕೊಂಡ. ತಮ್ಮ ತಪ್ಪಿಸಿಕೊಂಡ. ಐದನೇ ಪುಟದಲ್ಲಿ ನಾನು ನಂಬಿದ್ದ ಟೈಪಿಸ್ಟೂ ಅತ್ತು ತಪ್ಪಿಸಿಕೊಂಡಳು. ಎಂಟನೇ ಪುಟದಲ್ಲಿ ಪತ್ತೇದಾರ ಕೆಳಗಿನ ಕೋಣೆಗೆ ಹೋಗಿ ಕತ್ತರಿ ತೆಗೆದು ಡಾಕ್ಟರನ ಪ್ಲಾಸ್ಟರ್ ಕತ್ತರಿಸಿದ. ಒಳಗಿನ ಕಾಲು ಕುದುರೆಯ ಕಾಲಿನಂತೆ ಗಟ್ಟಿಯಾಗಿತ್ತು.

ಚಪ್ಪಾಳೆ ಬಿತ್ತು. ಮೇಷ್ಟ್ರು ಶಲ್ಯ ಕೊಡವಿದರು. ಯಾರು ಖಂಡಿತ ಆಗಿರಲಾರ ಎಂದು ನಾವು ಗಂಡ ಹೆಂಡತಿ ಸುಳ್ಳಿಗೆ ಆರಿಸಿದ್ದೆವೋ ಅವನನ್ನೇ ಆ ಲೇಖಕನೂ ನಿಜಕ್ಕೆ ಆರಿಸಿದ್ದ. ನನ್ನದೇ ಗರಡಿಯಲ್ಲಿ ಪಳಗಿದ ಕಿಡಿಗೇಡಿ ಇರಬೇಕು. ಒಂದು ತಿಂಗಳ ಹೊಲಿಗೆ, ಮೂರು ಮಧ್ಯಾಹ್ನದ ಬರಹ, ಎಲ್ಲ ಮೇಷ್ಟ್ರ ತಲೆಯ ಮೇಲೆ ಕಿರೀಟವಾಗಿ ಕೂತಿತ್ತು. ಮನೆಗೆ ಹೋಗಿ ಹೆಂಡತಿಗೆ ಯಾವ ಮುಖ ತೋರಿಸಲಿ?

ಅಮ್ಮ ಮುಂದೆ ಓದಿದರು. ಕೊನೆಯ ಪುಟದಲ್ಲಿ ಚಪ್ಪಲಿಯೂ ಸಿಕ್ಕಿತು. ಲಾಡ್ಜಿನ ಎದುರಿನ ಬೀದಿ ನಾಯಿ ಕಚ್ಚಿಕೊಂಡು ಹೋಗಿ ಚರಂಡಿಯಲ್ಲಿ ಬಿಟ್ಟಿತ್ತು. ಕೊಲೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ಎಲ್ಲಿ ಉಪ್ಪಿನಕಾಯಿ?" ಎಂದರು ಸಿಸ್ಟರ್.

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. "ಅಮ್ಮಾ, ಒಂದು ಪುಟ ಬಿಟ್ರಿ ಅನ್ಸುತ್ತೆ."

"ಬಿಟ್ಟಿಲ್ಲ ಸಾರ್."

"ಬಿಟ್ಟಿದೀರಿ. ಅಡಿಗೆ ಮನೆ ಬರುತ್ತಲ್ಲ, ಮೂರನೇ ಭರಣಿ..."

"ಮೂರನೇದು ಅಂತ ಹೆಂಗೆ ಗೊತ್ತು ಸಾರ್?" ಸಿಸ್ಟರ್ ಬಿಡಲಿಲ್ಲ. "ಇಡೀ ಪುಸ್ತಕದಲ್ಲಿ ಉಪ್ಪಿನಕಾಯಿನೇ ಇಲ್ವಲ್ಲ."

ನಾನು ಮೆತ್ತಗೆ ಬೆಂಕಿಗೆ ಒಂದು ಪುಳ್ಳೆ ಹಾಕಿದೆ. "ಹೋಗ್ಲಿ ಬಿಡಿ ಸಿಸ್ಟರ್, ಮೇಷ್ಟ್ರಿಗೂ ವಯಸ್ಸಾಯ್ತು. ಏನೋ ಕನಸು ಬಿದ್ದಿರುತ್ತೆ."

"ಕನಸಂತೆ!" ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ಅಪ್ಪೆಮಿಡಿ ಉಪ್ಪಿನಕಾಯಿ, ಮೂರನೇ ಭರಣಿ, ಇನ್ನೂರ ಹದಿನೆಂಟನೇ ಪುಟ! ನನ್ನ ಕಣ್ಣಾರೆ ಓದಿದೀನಿ ಕಣ್ರೀ!"

ಪಟ್ಟಿ ಹಾಕಿದ್ದು ಇನ್ನೂರ ಒಂಬತ್ತನೇ ಪುಟದಿಂದ.

"ಯಾವಾಗ ಓದಿದ್ರಿ ಸಾರ್?" ಎಂದರು ಅಮ್ಮ. ದನಿ ಏರಿಸದೆ ಕೇಳಿದರು, ಪುಸ್ತಕ ಹರಿದು ತಂದವರನ್ನು ಕೇಳುವ ಹಾಗೆ.

ಮೇಷ್ಟ್ರು ಶಲ್ಯ ಕೊಡವಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಉತ್ತರ ಬಾರದ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸುತ್ತಿದ್ದವರು ಆ ದಿನ ತಾವೇ ಹಾಗೆ ನಿಂತರು. ಎಂಟು ಜನ ಅವರನ್ನು ನೋಡುತ್ತಾ ಕೂತೆವು. ನಾನು ಒಂದೊಂದು ಕ್ಷಣವನ್ನೂ ಚಪ್ಪರಿಸಿದೆ. ಬಸ್ಸಿನಲ್ಲಿ ಕಳೆದ ಹನ್ನೆರಡು ಪುಟಕ್ಕೂ ಬಡ್ಡಿ ಸಮೇತ ಬಂತು.

ಮೊದಲ ಓದು ಸಿಸ್ಟರ್‌ಗೆ ಹೋಯಿತು. ಮೇಷ್ಟ್ರನ್ನು ಕೊನೆಯ ಸರದಿಗೆ ಹಾಕಿದರು. ನನ್ನ ಹೊಟ್ಟೆಯಲ್ಲೂ ಒಂದು ಕಿಚ್ಚು ಉಳಿಯಿತು, ಅದನ್ನು ಮುಚ್ಚಿಡುವುದಿಲ್ಲ. ಸುಳ್ಳು ಕೊನೆಯಲ್ಲಿ ಡಾಕ್ಟರನನ್ನು ಹಿಡಿದವನು ನಾನು, ಹದಿನಾರು ಪುಟ ಬರೆದವನು ನಾನು, ಆದರೆ ಅಂದು ಯಾರಿಗೂ ಹೇಳುವಂತಿರಲಿಲ್ಲ. ಬಾಯಿ ಬಡಾಯಿಯ ಮನುಷ್ಯನಿಗೆ ಅದಕ್ಕಿಂತ ಕಠಿಣ ಶಿಕ್ಷೆ ಇಲ್ಲ.

ಚಪ್ಪಲಿ ಹಾಕಿಕೊಳ್ಳುವಾಗ ಮೇಷ್ಟ್ರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಆ ಪುಟ ಬರ್ದಿದ್ದು ನೀವೇ ಅಲ್ವಾ?"

"ಯಾವ ಪುಟ ಮೇಷ್ಟ್ರೇ?"

"ಗೊತ್ತಿಲ್ದಂಗೆ ಆಡ್ಬೇಡ್ರೀ. ಆ ಉಪ್ಪಿನಕಾಯಿದು."

"ಪಟ್ಟಿ ಒಳಗಿನ ಪುಟ ನೀವೆಲ್ಲಿ ನೋಡಿದ್ರಿ? ಬನ್ನಿ, ಅಮ್ಮನ ಮುಂದೆನೇ ಕೇಳೋಣ."

ಅವರು ಬರಲಿಲ್ಲ. ಗಲ್ಲಿಯ ತಿರುವಿನವರೆಗೆ ಅವರ ಬೆನ್ನು ನೋಡುತ್ತಾ ನಿಂತಿದ್ದೆ. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. "ಕಣ್ಣಾರೆ ಓದಿದೀನಿ ಕಣ್ರೀ" ಎನ್ನುವ ಭಾಗವನ್ನು ಅವಳು ಮೂರು ಸಲ ಮಾಡಿಸಿಕೊಂಡಳು.

ಆಮೇಲಿಂದ ಅಂಟಿನ ಪಟ್ಟಿ ಇಲ್ಲ. ಕೊನೆಯ ಹದಿನಾರು ಪುಟವನ್ನು ನಾನು ಹೊಲಿಯದೆ, ಮಡಚಿ, ಲಕೋಟೆಗೆ ಹಾಕಿ ಕೊಡುತ್ತೇನೆ. ಅಮ್ಮ ಅದನ್ನು ತಮ್ಮ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರೆ. ಮುಂದಿನ ಪುಸ್ತಕ ಮೇಷ್ಟ್ರ ಸರದಿಗೆ ಹೋದ ಮೂರನೇ ದಿನ ಮಧ್ಯಾಹ್ನ ನನ್ನ ಫೋನ್ ರಿಂಗಾಯಿತು.

"ಏನ್ರೀ ಭದ್ರಾವತಿ, ಆರೋಗ್ಯಾನಾ?"

"ಆರೋಗ್ಯ ಮೇಷ್ಟ್ರೇ. ಹೇಳಿ."

"ಏನಿಲ್ಲ... ಸುಮ್ನೆ. ಅಲ್ಲಾ, ಆ ಬಾವಿ ಹತ್ರ ನಿಂತಿದ್ದ ಮುದುಕಿ ಯಾರು? ಎರಡು ದಿನದಿಂದ ಊಟ ಸೇರ್ತಿಲ್ಲ ಮಾರಾಯ್ರೇ. ನೀವೇ ಬಿಚ್ಚಿ ಕೊಟ್ಟಿರೋದಲ್ವಾ, ನೋಡಿರ್ತೀರಿ. ಬರೀ ಹೂಂ ಅಥ್ವಾ ಊಹೂಂ ಅನ್ನಿ. ಸೊಸೆನಾ?"

ಹೆಂಡತಿ ಎದುರಿಗೆ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿದೆ.

"ನೋಡಿದೀನಿ ಮೇಷ್ಟ್ರೇ," ಎಂದೆ, ಬಹಳ ಗಂಭೀರವಾಗಿ. "ಎಲ್ಲಾ ಗೊತ್ತು ನಂಗೆ. ಏನು ಕೊನೆ ಅಂತೀರಿ! ನಾನಂತೂ ಕೂತಲ್ಲೇ ಎದ್ದು ನಿಂತೆ."

"ಹೌದಾ? ಹೇಳ್ರೀ ಮತ್ತೆ!"

"ಭಾನುವಾರ ಹತ್ತು ಗಂಟೆಗೆ ಬನ್ನಿ," ಎಂದು ಫೋನ್ ಇಟ್ಟೆ.

ಆ ಮುದುಕಿ ಯಾರೆಂದು ನನಗೂ ಗೊತ್ತಿರಲಿಲ್ಲ. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು, ಅಷ್ಟರಲ್ಲಿ ಅವರು ಆರು ಸಲ ಫೋನ್ ಮಾಡಿದರು.